ಟೇಲೆಂಡಿಗೆ ನೀರು ಉಳಿಸಿದ್ದೀರಾ, ಕ್ಯಾಪ್ಟನ್?

"ಕೊನೆ ಓವರ್ ಅವನಿಗೆ ಯಾಕಲೇ ಕೊಟ್ಟಿ?"

ಮ್ಯಾಚ್ ಸೋತ ಮೇಲೆ ಹಾಸ್ಟೆಲ್ ಟಿವಿ ಹಾಲಿನಲ್ಲಿ, ಮೆಸ್ ಲೈನಿನಲ್ಲಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲಾ ಕಡೆ ಕೇಳಿಬರುವ ಪ್ರಶ್ನೆ ಇದೊಂದೇ. ಕೇಳುವವರ ಮುಖದಲ್ಲಿ ತಾವು ಕ್ಯಾಪ್ಟನ್ ಆಗಿದ್ದರೆ ಕಪ್ ಮನೇಲಿರ್ತಿತ್ತು ಅನ್ನೋ ಗತ್ತು ಬೇರೆ. ನಾವೂ ಹೀಗೆ ಕೇಳಿದವರೇ. ಆದರೆ ಈಗ ನಮಗೆ ಅನ್ನಿಸುತ್ತಿರುವುದೇನೆಂದರೆ, ಈ ಪ್ರಶ್ನೆಯನ್ನು ನಾವು ಯಾವಾಗಲೂ ತಡವಾಗಿ ಕೇಳುತ್ತೇವೆ. ಕೊನೆ ಓವರ್ ಯಾರು ಹಾಕಬೇಕು ಅನ್ನೋದು ಕೊನೆ ಓವರಿನಲ್ಲಿ ತೀರ್ಮಾನ ಆಗುವುದಿಲ್ಲ. ಅದು ಬಹಳ ಮೊದಲೇ, ಯಾರೂ ಗಮನಿಸದ ಯಾವುದೋ ಓವರಿನಲ್ಲಿ ಆಗಿಹೋಗಿರುತ್ತದೆ.

ಇದು ನಮಗೆ ಗೊತ್ತಾಗಿದ್ದು ನವಲಿಯಲ್ಲಿ. ಗಂಗಾವತಿ ಕಡೆಯ ನವಲಿ ಅಂದರೆ ಪೇಪರ್ ಓದುವವರಿಗೆ ನೆನಪಾಗುವುದು ಆ ಸಮತೋಲನ ಜಲಾಶಯ. ಕಟ್ಟುತ್ತೇವೆ ಕಟ್ಟುತ್ತೇವೆ ಅಂತ ವರ್ಷಗಳಿಂದ ಸುದ್ದಿಯಲ್ಲಿರುವುದು. ನಮಗೆ ಮಾತ್ರ ನವಲಿ ಅಂದರೆ ಭತ್ತ ಕೊಯ್ದ ಮೇಲೆ ಖಾಲಿ ಬಿದ್ದ ಗದ್ದೆ, ಅದರೊಳಗೆ ಹಸನು ಮಾಡಿದ ಪಿಚ್ಚು, ಒಂದು ಶಾಮಿಯಾನ, ಒಂದು ಮೈಕು. ಈ ಕಾಲೇಜಿನಲ್ಲಿ ಆ ಕಡೆಯಿಂದ ಬಂದವರು ನಾವು ಮೂರು ಜನ. ರಜೆಗೆ ಊರಿಗೆ ಹೋದಾಗ ಟೆನಿಸ್ ಬಾಲ್ ಟೂರ್ನಿ ಆಡುತ್ತೇವೆ. ಹಿಂದಿನ ಬೇಸಿಗೆಯಲ್ಲಿ ಫೈನಲ್‌ಗೂ ಬಂದಿದ್ದೆವು.

ಹತ್ತು ಓವರಿನ ಮ್ಯಾಚು, ಒಬ್ಬ ಬೌಲರಿಗೆ ಎರಡೇ ಓವರು. ನಾವು 87 ಹೊಡೆದಿದ್ದೆವು. ನಮ್ಮ ಕ್ಯಾಪ್ಟನ್ ಶುರುವಿನಲ್ಲೇ ಇಬ್ಬರು ಒಳ್ಳೆಯ ಬೌಲರುಗಳನ್ನು ಹಚ್ಚಿ ನಾಲ್ಕು ಓವರ್ ಮುಗಿಸಿಬಿಟ್ಟ. ವಿಕೆಟ್ ಬಿದ್ದವು, ಮೈಕಿನವನ ಗಂಟಲು ಹರಿಯಿತು. ಮುಂದಿನ ನಾಲ್ಕು ಓವರನ್ನು ಇನ್ನಿಬ್ಬರು ಹಂಚಿಕೊಂಡರು. ಎಂಟು ಓವರಿಗೆ ಎದುರಿನವರು 61ಕ್ಕೆ 7. ಎರಡು ಓವರಿನಲ್ಲಿ 27 ಬೇಕು, ಆಡುತ್ತಿರುವವರು ಇಬ್ಬರೂ ಬಾಲಂಗೋಚಿಗಳು. ಗೆದ್ದೇಬಿಟ್ಟೆವು ಅಂತ ನಮ್ಮಲ್ಲೊಬ್ಬ ಬೌಂಡರಿ ಲೈನಿನಲ್ಲಿ ನಿಂತು ಡಾನ್ಸ್ ಕೂಡ ಮಾಡಿದ. (ಯಾರು ಅಂತ ಇಲ್ಲಿ ಬರೆಯೋದು ಬೇಡ ಅಂತ ಮೂವರಲ್ಲಿ ಒಪ್ಪಂದ ಆಗಿದೆ.)

ಈಗ ಸ್ವಲ್ಪ ಲೆಕ್ಕ ಹಾಕಿ. ನಾಲ್ಕು ಬೌಲರುಗಳ ಕೋಟಾ ಮುಗಿದಿದೆ. ಐದನೆಯವನು ನಮ್ಮ ಕ್ಯಾಪ್ಟನ್ನೇ. ಅವನಿಗೆ ಎರಡು ಓವರ್ ಬಾಕಿ ಇವೆ, ಮ್ಯಾಚಿನಲ್ಲೂ ಎರಡೇ ಓವರ್ ಬಾಕಿ ಇವೆ. ಕಾಗದದ ಮೇಲೆ ಸರಿಯಾಗಿದೆ. ಆದರೆ ಒಬ್ಬನೇ ಒಂದರ ಹಿಂದೆ ಒಂದು ಓವರ್ ಹಾಕುವಂತಿಲ್ಲ! ಒಂಬತ್ತನೆಯದ್ದು ಅವನು ಹಾಕಿದರೆ ಹತ್ತನೆಯದಕ್ಕೆ ಆರನೇ ಬೌಲರ್ ಬೇಕೇ ಬೇಕು. ಈ ಆರನೆಯವನ ಬಗ್ಗೆ ಅಲ್ಲಿಯವರೆಗೆ ಯಾರೂ ಯೋಚನೆ ಮಾಡಿರಲಿಲ್ಲ. ಮೂರು ಜನ ಇಂಜಿನಿಯರಿಂಗ್ ಓದುವವರು ಫೀಲ್ಡಿನಲ್ಲಿದ್ದೆವು. ಆಪರೇಟಿಂಗ್ ಸಿಸ್ಟಮ್ಸ್ ಪರೀಕ್ಷೆಯಲ್ಲಿ ಶೆಡ್ಯೂಲಿಂಗ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದು ಬಂದವರೂ ಅದರಲ್ಲಿ ಇದ್ದರು. ಒಬ್ಬರ ತಲೆಗೂ ಹೊಳೆಯಲಿಲ್ಲ.

ಕ್ಯಾಪ್ಟನ್ ಒಂಬತ್ತನೇ ಓವರಿನಲ್ಲಿ 12 ಕೊಟ್ಟ. ಕೊನೆ ಓವರಿಗೆ 15. ಆಗ ಬಾಲ್ ಹೋಗಿದ್ದು ಆಗಷ್ಟೇ ಪಿಯುಸಿ ಮುಗಿಸಿದ್ದ ಒಬ್ಬ ಹುಡುಗನ ಕೈಗೆ. ಇಡೀ ಟೂರ್ನಿಯಲ್ಲಿ ಅವನು ಹಾಕಿದ ಮೊದಲ ಓವರು ಅದು. ಒಂದು, ನಾಲ್ಕು, ಸೊನ್ನೆ, ಆರು, ನಾಲ್ಕು. ಇನ್ನೂ ಒಂದು ಬಾಲ್ ಉಳಿದಿತ್ತು. ಆಮೇಲೆ ಶಾಮಿಯಾನದ ಕೆಳಗೆ ಅವನಿಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅದರಲ್ಲಿ ನಮ್ಮದೂ ಪಾಲಿತ್ತು. ಮರುದಿನದಿಂದ ಆ ಹುಡುಗ ಗ್ರೌಂಡಿಗೆ ಬರುವುದನ್ನು ಬಿಟ್ಟ.

ನಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಅದರ ಜಗಳ ಪ್ರತಿ ವರ್ಷ ಒಂದೇ. ಡ್ಯಾಮ್ ಹತ್ತಿರ ಇರುವವರು ಮೊದಲೇ ಗದ್ದೆ ತುಂಬಿಸಿಕೊಳ್ಳುತ್ತಾರೆ, ಕಾಲುವೆಯ ಕೊನೆಗೆ ಇರುವವರು ಬಾಡಿದ ಸಸಿ ಹಿಡಿದುಕೊಂಡು ರಸ್ತೆಗೆ ಬರುತ್ತಾರೆ. ಆ ಕೊನೆ ಭಾಗದ ರೈತರನ್ನು ಎಲ್ಲರೂ ಕರೆಯುವುದು ಟೇಲೆಂಡ್ ರೈತರು ಅಂತಲೇ. ಕ್ರಿಕೆಟ್ಟಿನಲ್ಲೂ ಅದೇ ಪದ, ಅದೇ ರೋಗ. ಒಳ್ಳೆಯ ಬೌಲಿಂಗ್ ಎಲ್ಲಾ ಮೇಲ್ಭಾಗಕ್ಕೆ, ಅಂದರೆ ಓಪನರುಗಳಿಗೆ, ಹರಿಸಿಬಿಟ್ಟರೆ ಟೇಲೆಂಡಿಗೆ ಬರುವ ಹೊತ್ತಿಗೆ ಕಾಲುವೆ ಒಣ. ಡ್ಯಾಮಿನಲ್ಲಿ ಎಷ್ಟು ನೀರು ಇತ್ತು ಅನ್ನೋದಲ್ಲ, ಗೇಟ್ ಯಾವಾಗ ಎಷ್ಟು ಎತ್ತಿದಿರಿ ಅನ್ನೋದೇ ಪ್ರಶ್ನೆ.

ಗದ್ದೆ ಕ್ರಿಕೆಟ್ಟಿನ ಮಾತು ದೊಡ್ಡ ಕ್ರಿಕೆಟ್ಟಿಗೆ ಹೊಂದುತ್ತದಾ ಅಂತ ಅನುಮಾನ ಇದ್ದವರು ನಮ್ಮ ರಾಜ್ಯ ತಂಡದ 1981-82ರ ರಣಜಿ ಸೀಸನ್ ನೋಡಿ. ಅಲ್ಲಿ ಎರಡು ಪಂದ್ಯ ಇವೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಮೊದಲನೆಯದು ಬೆಂಗಳೂರಿನಲ್ಲಿ ಬಾಂಬೆ ವಿರುದ್ಧದ ಸೆಮಿಫೈನಲ್. ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಮೊದಲ ಇನಿಂಗ್ಸಿನಲ್ಲಿ ಎಂಟು ವಿಕೆಟ್ ತೆಗೆದರು, ಅದರಲ್ಲೊಂದು ಹ್ಯಾಟ್ರಿಕ್. ಬಾಂಬೆ 271ಕ್ಕೆ ಆಲೌಟ್. ಕರ್ನಾಟಕ 470 ಹೊಡೆಯಿತು. ರಣಜಿಯಲ್ಲಿ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರೇ ಮುಂದಕ್ಕೆ, ಹಾಗಾಗಿ ಬಾಂಬೆಯ ಕಥೆ ಅಲ್ಲಿಗೆ ಮುಗಿದಂತೆಯೇ. ಉಳಿದದ್ದು ಪೂರ್ತಿ ಸೋಲು ತಪ್ಪಿಸಿಕೊಳ್ಳುವ ಕೆಲಸ ಮಾತ್ರ. ಎರಡನೇ ಇನಿಂಗ್ಸಿನಲ್ಲೂ ಭಟ್ ಬಾಲ್ ಬಲಗೈ ಬ್ಯಾಟ್ಸ್‌ಮನ್ನುಗಳಿಂದ ಹೊರಕ್ಕೆ ತಿರುಗಿ ವಿಕೆಟ್ ಬೀಳುತ್ತಿರುವಾಗ ಕೆಳಗಿನ ಕ್ರಮಾಂಕದಲ್ಲಿ ಬಂದ ಸುನಿಲ್ ಗಾವಸ್ಕರ್ ಏನು ಮಾಡಿದರು ಗೊತ್ತಲ್ಲ? ಭಟ್ ಬಾಲ್ ಹಾಕುವಾಗ ಎಡಗೈಯಲ್ಲಿ ನಿಂತರು! ಎಡಗೈಯವನಿಗೆ ಅದೇ ಬಾಲ್ ಒಳಕ್ಕೆ ಬರುತ್ತದೆ, ಪ್ಯಾಡಿಗೋ ಮೈಗೋ ತಾಗಿ ಸುಮ್ಮನೆ ಬೀಳುತ್ತದೆ. ಬೇರೆ ಬೌಲರ್ ಬಂದರೆ ಮತ್ತೆ ಬಲಗೈ. ಔಟಾಗದೆ 18 ಹೊಡೆದು, ಬಾಂಬೆ 200ಕ್ಕೆ 9 ಆಗಿದ್ದಾಗ ಪಂದ್ಯ ಉಳಿಸಿಕೊಂಡರು. ಈಗ ಐಪಿಎಲ್ ಕಾಮೆಂಟರಿಯಲ್ಲಿ ದಿನಕ್ಕೆ ನೂರು ಸಲ 'ಮ್ಯಾಚಪ್' ಅನ್ನುತ್ತಾರಲ್ಲ, ಅದನ್ನು ಅವರು ಲ್ಯಾಪ್‌ಟಾಪ್ ಇಲ್ಲದೆ ಮಾಡಿ ತೋರಿಸಿದ್ದರು. ಕರ್ನಾಟಕದವರಾಗಿ ಇದನ್ನು ಮೆಚ್ಚಿಕೊಳ್ಳೋದಕ್ಕೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಆದರೂ ಮೆಚ್ಚಲೇಬೇಕು.

ಎರಡನೆಯದು ಅದೇ ಸೀಸನ್ನಿನ ಫೈನಲ್, ದೆಹಲಿಯ ಕೋಟ್ಲಾದಲ್ಲಿ. ಕರ್ನಾಟಕ ಮೊದಲು ಆಡಿ ಹೊಡೆದದ್ದು 705. ಬಿನ್ನಿ, ಬ್ರಿಜೇಶ್ ಪಟೇಲ್, ಕಿರ್ಮಾನಿ, ಖಾನ್ವಿಲ್ಕರ್ ನಾಲ್ವರದ್ದೂ ಸೆಂಚುರಿ. 705 ಹೊಡೆದ ಮೇಲೆ ಯಾರಾದರೂ ಸೋಲುತ್ತಾರಾ? ಸೋತರು. ದೆಹಲಿ 589ಕ್ಕೆ 8 ಆಗಿದ್ದಾಗ ಮುನ್ನಡೆಗೆ ಇನ್ನೂ 117 ಬೇಕಿತ್ತು. ಅಲ್ಲಿಂದ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಎಂಬ ಇಬ್ಬರು ಒಂಬತ್ತನೇ ವಿಕೆಟ್ಟಿಗೆ ಔಟಾಗದೆ 118 ಸೇರಿಸಿ 707ಕ್ಕೆ 8 ಮಾಡಿದರು. ಮೊದಲ ಇನಿಂಗ್ಸ್ ಮುನ್ನಡೆ, ಕಪ್ ದೆಹಲಿಗೆ. ಬಾಂಬೆಯ ಮೇಲಿನ ಸಾಲನ್ನು ಗುಡಿಸಿ ಹಾಕಿದ್ದ ತಂಡಕ್ಕೆ ಇಲ್ಲಿ ಕೊನೆಯ ಎರಡು ವಿಕೆಟ್‌ಗಳಲ್ಲಿ ಒಂದೂ ಸಿಗಲಿಲ್ಲ.

ಐದು ದಿನದ ಆಟದಲ್ಲಿ ಓವರ್ ಕೋಟಾ ಇರುವುದಿಲ್ಲ, ನಿಜ. ಆದರೆ ಬೌಲರಿನ ಭುಜಕ್ಕೆ ಕೋಟಾ ಇದೆ. ಸ್ಕೋರ್‌ಬೋರ್ಡಿನಲ್ಲಿ ಕಾಣಿಸದ ಕೋಟಾ ಅದು. ಆರುನೂರು ರನ್ ಆಗುವಷ್ಟು ಹೊತ್ತು ಬಿಸಿಲಲ್ಲಿ ಬಾಲ್ ಹಾಕಿದವರ ಕೈಯಲ್ಲಿ ಒಂಬತ್ತನೇ ನಂಬರಿನವನಿಗೆ ಅಂತ ಏನು ಉಳಿದಿರುತ್ತದೆ? ಕೋಟ್ಲಾದ ಆ ಪಿಚ್ಚಿನಲ್ಲಿ ಯಾರು ಹಾಕಿದ್ದರೂ ಅಷ್ಟೇ ಆಗುತ್ತಿತ್ತು ಅಂತ ವಾದಿಸಬಹುದು. ಇರಬಹುದು. ಆದರೂ ಎದುರಿನವರ ಎಂಟು ವಿಕೆಟ್ ಬಿದ್ದಾಗ ಕ್ಯಾಪ್ಟನ್ನಿನ ಜೇಬಿನಲ್ಲಿ ಏನು ಬಾಕಿ ಇತ್ತು ಅನ್ನೋ ಪ್ರಶ್ನೆ ಬಾಕಿಯೇ ಉಳಿಯುತ್ತದೆ.

2010ರ ಜನವರಿಯ ಮೈಸೂರು ಫೈನಲ್ಲಿಗೂ ಇದೇ ಕನ್ನಡಕ ಹಾಕಿ ನೋಡಿದ್ದೇವೆ. ಗಂಗೋತ್ರಿ ಮೈದಾನ, ಮತ್ತೆ ಮುಂಬೈ. ಎಲ್ಲರಿಗೂ ನೆನಪಿರುವುದು ನಾಲ್ಕನೇ ಇನಿಂಗ್ಸ್: 338ರ ಗುರಿ, ಮನೀಶ್ ಪಾಂಡೆಯ 144, ಗಣೇಶ್ ಸತೀಶ್ ಜೊತೆಗಿನ ದೊಡ್ಡ ಜೊತೆಯಾಟ, ಆಮೇಲೆ ಅಗರ್ಕರ್ ಐದು ವಿಕೆಟ್, ಕರ್ನಾಟಕ 331ಕ್ಕೆ ಆಲೌಟ್, ಆರು ರನ್ನಿನ ಸೋಲು. ನಾವಾಗ ಪ್ರೈಮರಿ ಸ್ಕೂಲೂ ಸರಿಯಾಗಿ ಸೇರಿರಲಿಲ್ಲ, ಆದರೂ ಅಣ್ಣಂದಿರು ಹೇಳೀ ಹೇಳೀ ನಾವೇ ಅಲ್ಲಿ ಕೂತು ಅತ್ತಂತೆ ಅನ್ನಿಸುತ್ತದೆ. ಆ ಆರು ರನ್ ಎಲ್ಲಿ ಹೋದವು ಅಂತ ಹುಡುಕುವಾಗ ಎಲ್ಲರೂ ಕೊನೆಯ ಬ್ಯಾಟ್ಸ್‌ಮನ್ನುಗಳ ಕಡೆ ಬೆರಳು ತೋರಿಸುತ್ತಾರೆ. ನಾವು ಒಂದು ಇನಿಂಗ್ಸ್ ಹಿಂದಕ್ಕೆ ಹೋಗುತ್ತೇವೆ. ಮುಂಬೈನ ಎರಡನೇ ಇನಿಂಗ್ಸಿನಲ್ಲಿ ಅಭಿಮನ್ಯು ಮಿಥುನ್ ಆರು ವಿಕೆಟ್ ಕಿತ್ತರೂ ಮೊತ್ತ 234ಕ್ಕೆ ಹೋಯಿತು. ಅದರಲ್ಲಿ 87 ಹೊಡೆದದ್ದು ಧವಳ್ ಕುಲಕರ್ಣಿ, ತಂಡದಲ್ಲಿ ಬೌಲರ್ ಅಂತ ಇದ್ದವರು. ಬ್ಯಾಟ್ಸ್‌ಮನ್ನುಗಳಿಗೆ ಒಂದು ಪ್ಲಾನು, ಬೌಲರ್ ಬ್ಯಾಟ್ ಹಿಡಿದು ಬಂದರೆ 'ತಾನಾಗೇ ಔಟಾಗ್ತಾನೆ ಬಿಡು' ಅನ್ನೋ ಉದಾಸೀನ. ಈ ಅಭ್ಯಾಸ ಗದ್ದೆಯಿಂದ ಸ್ಟೇಡಿಯಂವರೆಗೂ ಇದೆ ಅನ್ನೋದು ನಮ್ಮ ಗುಮಾನಿ.

ಸೋಲಿನ ಕಥೆ ಸಾಕು. ಗೇಟ್ ಸರಿಯಾಗಿ ಎತ್ತಿದ ಕಥೆಯೊಂದಿದೆ, ಅದರಲ್ಲಿ ನಮ್ಮ ಪಕ್ಕದ ಜಿಲ್ಲೆಯ ಮನುಷ್ಯ ಇದ್ದಾರೆ. ಗದಗದ ಸುನಿಲ್ ಜೋಶಿ. ಹುಡುಗರಾಗಿದ್ದಾಗ ಬೆಳಗಿನ ಟ್ರೇನಿಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ ಸ್ಕೂಲಿನ ಹೊತ್ತಿಗೆ ವಾಪಸ್ ಬರುತ್ತಿದ್ದವರು. ಕೊಪ್ಪಳ, ಗದಗ ಕಡೆಯಿಂದ ಬಂದವರಿಗೆ ಆ ಟ್ರೇನಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. 1998-99ರ ರಣಜಿ ಫೈನಲ್ಲಿನಲ್ಲಿ, ಬೆಂಗಳೂರಿನಲ್ಲಿ ಮಧ್ಯಪ್ರದೇಶದ ವಿರುದ್ಧ, ಅವರೇ ನಮ್ಮ ನಾಯಕ.

ಆ ಪಂದ್ಯದಲ್ಲಿ ಕರ್ನಾಟಕ 304, ಮಧ್ಯಪ್ರದೇಶ 379. ಅಂದರೆ 75 ರನ್ ಮುನ್ನಡೆ ಅವರಿಗೆ. ಡ್ರಾ ಆದರೆ ಸಾಕು, ಕಪ್ ಅವರದ್ದು. ಕರ್ನಾಟಕ ಎರಡನೇ ಸಲ 321 ಹೊಡೆದು 247ರ ಗುರಿ ಕೊಟ್ಟಿತು. ಈಗ ಜೋಶಿಯ ಜಾಗದಲ್ಲಿ ನಿಂತು ನೋಡಿ. ರನ್ ತಡೆದರೆ ಪ್ರಯೋಜನ ಇಲ್ಲ, ಎದುರಿನವರು ಬ್ಲಾಕ್ ಮಾಡುತ್ತಾ ಸಂಜೆವರೆಗೆ ನಿಂತರೂ ನೀವು ಸೋತಂತೆ. ಬೇಕಾಗಿರುವುದು ಹತ್ತು ವಿಕೆಟ್, ಒಂಬತ್ತಲ್ಲ. ಟೇಲೆಂಡಿನವರೆಗೆ ನೀರು ಹೋಗಲೇಬೇಕಾದ ಪಂದ್ಯ.

ಜೋಶಿ ಸ್ವತಃ ಎಡಗೈ ಸ್ಪಿನ್ನರ್. ಫೈನಲ್ಲಿನ ಕೊನೆಯ ಇನಿಂಗ್ಸು, ತವರು ಪಿಚ್ಚು, ಕೈಯಲ್ಲಿ ನಾಯಕತ್ವ. ತಾನೇ ಗೆಲ್ಲಿಸಬೇಕು ಅನ್ನೋ ಆಸೆ ಯಾವ ಬೌಲರಿಗೆ ಇರುವುದಿಲ್ಲ? ಆದರೆ ಪಂದ್ಯ ಮುಗಿದಾಗ ಸ್ಕೋರ್‌ಶೀಟಿನಲ್ಲಿ ಎದ್ದು ಕಂಡ ಹೆಸರು ವಿಜಯ್ ಭಾರದ್ವಾಜ್ ಅವರದ್ದು. ಕನ್ನಡಕ ಹಾಕಿಕೊಂಡು ಆಡುತ್ತಿದ್ದ, ಮೊದಲು ಬ್ಯಾಟ್ಸ್‌ಮನ್ ಆಮೇಲೆ ಆಫ್ ಸ್ಪಿನ್ನರ್ ಆಗಿದ್ದ ಭಾರದ್ವಾಜ್ 24 ರನ್ ಕೊಟ್ಟು ಆರು ವಿಕೆಟ್ ತೆಗೆದರು. ಮಧ್ಯಪ್ರದೇಶ 150ಕ್ಕೆ ಆಲೌಟ್. ಕರ್ನಾಟಕಕ್ಕೆ 96 ರನ್ನಿನ ಗೆಲುವು. ನಮ್ಮ ಗದ್ದೆ ಭಾಷೆಯಲ್ಲಿ ಹೇಳಬೇಕೆಂದರೆ, ಆರನೇ ಬೌಲರ್ ಗೆಲ್ಲಿಸಿದ ಫೈನಲ್. ವ್ಯತ್ಯಾಸ ಇಷ್ಟೇ: ಜೋಶಿಗೆ ಅವರು ಬೇರೆ ಯಾರೂ ಉಳಿದಿಲ್ಲದಾಗ ಕೈಗೆ ಸಿಕ್ಕ ಬೌಲರ್ ಆಗಿರಲಿಲ್ಲ. ಅದೇ ವರ್ಷ ಭಾರದ್ವಾಜ್ ಭಾರತಕ್ಕೆ ಆಡಿ ನೈರೋಬಿಯ ಎಲ್‌ಜಿ ಕಪ್ಪಿನಲ್ಲಿ ಸರಣಿ ಶ್ರೇಷ್ಠ ಕೂಡ ಆದರು.

ಆ ದಿನ ಸೋತ ನಾಯಕ ಚಂದ್ರಕಾಂತ್ ಪಂಡಿತ್. 23 ವರ್ಷ ಆದ ಮೇಲೆ, 2022ರ ಜೂನಿನಲ್ಲಿ ಅವರು ಅದೇ ಚಿನ್ನಸ್ವಾಮಿಯಲ್ಲಿ ಅದೇ ಮಧ್ಯಪ್ರದೇಶಕ್ಕೆ ಕೋಚ್ ಆಗಿ ನಿಂತು ಮುಂಬೈಯನ್ನು ಆರು ವಿಕೆಟ್‌ಗಳಿಂದ ಸೋಲಿಸಿದರು. ಮೊದಲ ಇನಿಂಗ್ಸಿನಲ್ಲೇ 162 ರನ್ ಮುನ್ನಡೆ ಇತ್ತು, ಡ್ರಾ ಸಾಕಿತ್ತು. ಆದರೂ ಅವರ ತಂಡ ಮುಂಬೈಯನ್ನು ಎರಡನೇ ಸಲವೂ ಪೂರ್ತಿ ಆಲೌಟ್ ಮಾಡಿ, 108 ಹೊಡೆದೇ ಮುಗಿಸಿತು. ಡ್ರಾ ಸಾಕು ಅನ್ನೋ ಸ್ಥಿತಿ ಎಷ್ಟು ಅಪಾಯ ಅನ್ನೋದು ಪಂಡಿತರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಇಷ್ಟು ಓದಿ "ಹಂಗಾದ್ರ ಒಳ್ಳೆ ಬೌಲರ್‌ನ ಯಾವಾಗ್ಲೂ ಕೊನೀಗೆ ಇಟ್ಕೋಬೇಕು" ಅಂತ ಯಾರಾದರೂ ತೀರ್ಮಾನಕ್ಕೆ ಬಂದರೆ ಅವರಿಗೆ ಬೇಸ್‌ಬಾಲ್ ತೋರಿಸಬೇಕು. ಅಲ್ಲಿ ಬೌಲರಿನ ಜಾಗದಲ್ಲಿ ಪಿಚರ್ ಇರುತ್ತಾನೆ, ಬದಲಾಯಿಸುವವನು ಮ್ಯಾನೇಜರ್. ನಮ್ಮಲ್ಲಿ ಹಾಗೆ ಮತ್ತೆ ಕರೆದು ಬಾಲ್ ಕೊಡುವಂತಿಲ್ಲ. ಒಮ್ಮೆ ಹೊರಗೆ ಕಳಿಸಿದರೆ ಆ ಪಂದ್ಯಕ್ಕೆ ಅವನ ಕಥೆ ಮುಗಿಯಿತು. 2020ರ ವರ್ಲ್ಡ್ ಸೀರೀಸಿನ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇ ರೇಸ್ ತಂಡ ಸೋತರೆ ಸರಣಿಯೇ ಹೋಗುತ್ತದೆ ಅನ್ನೋ ಸ್ಥಿತಿಯಲ್ಲಿ 1-0 ಮುಂದಿತ್ತು. ಅವರ ಪಿಚರ್ ಬ್ಲೇಕ್ ಸ್ನೆಲ್ ಕೊಟ್ಟಿದ್ದು ಎರಡೇ ಹಿಟ್, ಒಂಬತ್ತು ಜನರನ್ನು ಸ್ಟ್ರೈಕೌಟ್ ಮಾಡಿದ್ದ, ಹಾಕಿದ್ದು ಬರೀ 73 ಬಾಲ್. ಮ್ಯಾನೇಜರ್ ಕೆವಿನ್ ಕ್ಯಾಶ್ ಆರನೇ ಇನಿಂಗ್ಸಿನಲ್ಲೇ ಅವನನ್ನು ತೆಗೆದ. ಒಬ್ಬ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರುಗಳು ಚೆನ್ನಾಗಿ ಹೊಡೆಯುತ್ತಾರೆ ಅಂತ ಅಂಕಿಅಂಶ ಹೇಳುತ್ತಿತ್ತು. ಹೊಸಬ ಬಂದ ಕೂಡಲೇ ಡಾಡ್ಜರ್ಸ್ ಎರಡು ರನ್ ಮಾಡಿ ಮುಂದೆ ಹೋದರು, 3-1ಕ್ಕೆ ಗೆದ್ದು ಟ್ರೋಫಿ ಎತ್ತಿದರು. ಹೊಲ ಒಣಗುತ್ತಿರುವಾಗ ತುಂಬಿದ ಡ್ಯಾಮಿನ ಗೇಟ್ ಇಳಿಸಿದ ಹಾಗೆ.

ಆದರೆ 2003ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಗ್ರೇಡಿ ಲಿಟಲ್ ಇದರ ಉಲ್ಟಾ ಮಾಡಿದ್ದ. ಲೀಗ್ ಫೈನಲ್ಲಿನ ಏಳನೇ ಪಂದ್ಯದ ಎಂಟನೇ ಇನಿಂಗ್ಸ್, 5-2 ಮುನ್ನಡೆ, ದಣಿದಿದ್ದ ಪೆಡ್ರೊ ಮಾರ್ಟಿನೆಜ್‌ನನ್ನೇ ಮುಂದುವರಿಸಿದ. ಯಾಂಕೀಸ್ ಸಮ ಮಾಡಿ, ಹನ್ನೊಂದನೇ ಇನಿಂಗ್ಸಿನಲ್ಲಿ ಗೆದ್ದರು. ಲಿಟಲ್‌ಗೆ ಮರುವರ್ಷ ಆ ಕೆಲಸ ಇರಲಿಲ್ಲ. ತೆಗೆದವನಿಗೂ ಬೈಗುಳ, ಬಿಟ್ಟವನಿಗೂ ಬೈಗುಳ. ಫಲಿತಾಂಶ ನೋಡಿ ನಿರ್ಧಾರ ಅಳೆಯುವುದು ಎಷ್ಟು ಸುಲಭ ಅನ್ನೋದಕ್ಕೆ ಇವರಿಬ್ಬರೇ ಸಾಕ್ಷಿ. ನಮ್ಮ ಮಟ್ಟಿಗೆ ಕ್ಯಾಶ್‌ನ ತಪ್ಪೇ ದೊಡ್ಡದು. ಅವನ ಅಂಕಿಅಂಶ ಸಾವಿರ ಪಂದ್ಯಗಳ ಸರಾಸರಿ, ಸ್ನೆಲ್ ಕಣ್ಣೆದುರು ಹಾಕುತ್ತಿದ್ದದ್ದು ಅವತ್ತಿನ ಬಾಲು. ಡೇಟಾ ಸೈನ್ಸ್ ಎಲೆಕ್ಟಿವ್ ತೆಗೆದುಕೊಂಡವರು ಬೈಯುವುದಿದ್ದರೆ ಬೈಯಿರಿ.

ನಮ್ಮ ಕಾಲೇಜಿನ ಇಂಟರ್ ಡಿಪಾರ್ಟ್‌ಮೆಂಟ್ ಟೂರ್ನಿ ಬರುತ್ತಿದೆ. ಈ ಸಲ ಎರಡು ಟೀಮಿನ ಕ್ಯಾಪ್ಟನ್ನುಗಳು ಫೋನಿನಲ್ಲಿ ಎಕ್ಸೆಲ್ ಶೀಟ್ ಇಟ್ಟುಕೊಂಡು ಓಡಾಡುತ್ತಿದ್ದಾರೆ, ಯಾವ ಬ್ಯಾಟ್ಸ್‌ಮನ್ನಿಗೆ ಯಾವ ಬೌಲರ್ ಅಂತ. ಇರಲಿ, ಒಳ್ಳೆಯದೇ. ಆದರೆ ಆ ಶೀಟಿನಲ್ಲಿ ನಾವು ನೋಡಿದ್ದು ಬರೀ ಮೊದಲ ಐದು ಬ್ಯಾಟ್ಸ್‌ಮನ್ನುಗಳ ಹೆಸರು. ಆರರಿಂದ ಹನ್ನೊಂದರವರೆಗೆ ಸಾಲುಗಳೇ ಇಲ್ಲ. ಆರನೇ ಬೌಲರಿಗೆ ಕಾಲಂ ಕೂಡ ಇಲ್ಲ. ಸಾಧ್ಯವಾದರೆ ಶೀಟನ್ನು ಕೆಳಗಿನಿಂದ ತುಂಬಿಸುತ್ತಾ ಬನ್ನಿ: ಕೊನೆ ಓವರ್ ಯಾರದ್ದು, ಅದರ ಹಿಂದಿನದ್ದು ಯಾರದ್ದು, ಹಾಗಾದರೆ ಐದನೇ ಓವರಿಗೆ ಯಾರನ್ನು ಮುಟ್ಟಬಾರದು. ಆಮೇಲೆ ಮ್ಯಾಚಿನಲ್ಲಿ ಕಣ್ಣು ಬೇರೆ ಹೇಳಿದರೆ ಶೀಟ್ ಹರಿದು ಹಾಕಿ. ಕಾಲುವೆಯಲ್ಲೂ ನೀರಿನ ಸರದಿ ಬರೆದಿಟ್ಟಿರುತ್ತಾರೆ, ಮಳೆ ಬಂದರೆ ಆ ಕಾಗದ ಯಾರೂ ನೋಡುವುದಿಲ್ಲ. ಇನ್ನು, ಆರನೇ ಬೌಲರಿಗೆ ಟೂರ್ನಿಯ ಮೊದಲ ಪಂದ್ಯದಿಂದಲೇ ಒಂದೊಂದು ಓವರ್ ಕೊಡಿ. ಫೈನಲ್ಲಿನ ಕೊನೆ ಓವರಿನಲ್ಲಿ ಮೊದಲ ಸಲ ಬಾಲ್ ಕೊಟ್ಟು, ಆಮೇಲೆ ಅವನನ್ನೇ ಬೈಯುವುದು ಬೌಲಿಂಗ್ ಸ್ಟ್ರಾಟಜಿ ಅಲ್ಲ.

ಯುಗಾದಿಗೆ ಊರಿಗೆ ಹೋದಾಗ ಮೂವರೂ ಸೇರಿ ಆ ಹುಡುಗನ ಮನೆಗೆ ಹೋಗಿದ್ದೆವು. ಬೇವು ಬೆಲ್ಲ ಕೊಟ್ಟ, ಚಹಾ ಕೊಟ್ಟ, ಕ್ರಿಕೆಟ್ ಮಾತು ಎತ್ತಲಿಲ್ಲ. ನಾವೇ ಎತ್ತಿದೆವು. ಅವತ್ತಿನ ಓವರುಗಳ ಲೆಕ್ಕ ಬಿಡಿಸಿ ಹೇಳಿ, ತಪ್ಪು ನಿಂದಲ್ಲ, ನಮ್ಮೆಲ್ಲಾರ್ದು ಅಂದೆವು. ದೊಡ್ಡ ಶೋಧನೆ ಮಾಡಿದವರ ಹಾಗೆ ಹೇಳಿದೆವು ಅಂತ ಕಾಣುತ್ತದೆ. ಅವನು ಲೋಟ ಕೆಳಗಿಟ್ಟ.

"ಗೊತ್ತೈತಣ್ಣಾ. ಅವತ್ತs ಗೊತ್ತಿತ್ತು. ಆರನೇ ಓವರ್ ಮುಗದಾಗ ನಿಮ್ಮ ಹತ್ರನ ಬಂದು ಕೇಳಿದ್ನಲ್ಲ, ಈಗ ಒಂದ್ ಓವರ್ ನಂಗ ಕೊಡಸ್ರಿ, ಇಲ್ಲಾಂದ್ರ ಕೊನೀಗೆ ತ್ರಾಸ್ ಆಕ್ಕೈತಿ ಅಂತ. ಹೋಗ್ಲೇ, ಡೀಪ್‌ನ್ಯಾಗ ನಿಂದ್ರು ಹೋಗು ಅಂದ್ರಿ."